ಸೀತಾಳೆಗೆ ಎಷ್ಟು ನೀರು

ವಾಮದಪದವು
18 ಎಪ್ರಿಲ್ 1983

ಪ್ರೀತಿಯ ನಿಮಗೆ,

ನಿಮ್ಮ ಕೆಮ್ಮು ಹೇಗಿದೆ? ಮಸ್ಕತ್ತಿನ ಧೂಳಿಗೆ ಮತ್ತೆ ಕೆದರಿದೆ ಎಂದು ಕಳೆದ ಪತ್ರದಲ್ಲಿತ್ತು. ಹಾಜಬ್ಬರ ಅಳಿಯನ ಕೈಯಲ್ಲಿ ಕಷಾಯದ ಹುಡಿ ಕಳಿಸಿದ್ದೆ, ತಲುಪಿತೇ? ರಾತ್ರಿ ಫ್ಯಾನಿನ ನೇರ ಕೆಳಗೆ ಮಲಗಬೇಡಿ. ಇಲ್ಲಿ ಎಲ್ಲರೂ ಸೌಖ್ಯ. ಬಿಸು ಹಬ್ಬ ಮೊನ್ನೆ ಮುಗಿಯಿತು. ಅಕ್ಕ ಮೂಡೆ ಕಡುಬು ಮಾಡಿದ್ದರು, ತಮ್ಮನನ್ನು ನೆನೆದು ಎರಡು ಹೆಚ್ಚೇ ಬಡಿಸಿಕೊಂಡರು ಭಾವ.

ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಒಂದು ಗಿಡಕ್ಕಾಗಿ ಇಷ್ಟು ಕೋಪವೇ ಎಂದು ನನ್ನನ್ನೇ ಕೇಳಿಕೊಂಡು, ಬರೆದದ್ದನ್ನು ಹರಿದೂ ಹಾಕಿದೆ. ಈಗ ಕೋಪದಲ್ಲೇ ಬರೆಯುತ್ತಿದ್ದೇನೆ. ಅಕ್ಷರವಾದರೂ ನೆಟ್ಟಗಿರಲಿ ಎಂದು ನಿಧಾನ ಮಾಡುತ್ತಿದ್ದೇನೆ.

ನಮ್ಮ ಸೀತಾಳೆ ಈ ವರ್ಷ ಹೂ ಬಿಡುವುದಿಲ್ಲ. ಬದುಕುವುದೂ ಅನುಮಾನ. ಮದುವೆಯ ಮರುವರ್ಷ ಕಕ್ಕಿಂಜೆ ದಾಟಿದ ಮೇಲೆ ರಸ್ತೆಗೆ ಮರ ಬಿದ್ದು ಬಸ್ಸು ನಿಂತದ್ದು ನಿಮಗೆ ಮರೆತಿರಲಾರದು. ಎಲ್ಲರೂ ಒಳಗೆ ಕುಳಿತು ಬೈಯುತ್ತಿದ್ದರೆ ನೀವು ಕೊಡೆ ಹಿಡಿದು ಇಳಿದು, ಬಿದ್ದ ಕೊಂಬೆಗೆ ಅಂಟಿಕೊಂಡಿದ್ದ ಗಿಡವನ್ನು ತೊಗಟೆಯ ಸಮೇತ ಬಿಡಿಸಿ ತಂದಿರಿ. “ಅದೆಂತ ಸೊಪ್ಪು ಮಾರಾಯ್ರೇ, ಅದಕ್ಕೂ ಟಿಕೇಟು ಹರೀಬೇಕಾ?” ಎಂದು ಕಂಡಕ್ಟರ್ ಕೇಳಿದ್ದ. ನೀವು ಅದನ್ನು ನನ್ನ ಮಡಿಲಲ್ಲಿಟ್ಟು, “ಇದು ನಿನ್ನದು” ಎಂದಿರಿ. ಅಂದಿನಿಂದ ಅದು ಹಲಸಿನ ಮರದ ತುಂಡೊಂದಕ್ಕೆ ಕಟ್ಟಿಸಿಕೊಂಡು ಬಾವಿಕಟ್ಟೆಯ ಪಕ್ಕ ತೂಗುತ್ತಿತ್ತು. ಪ್ರತಿ ಮಳೆಗಾಲದ ಬಾಗಿಲಲ್ಲಿ ನರಿಬಾಲದಂಥ ಹೂಗೊಂಚಲು ಇಳಿಬಿಡುತ್ತಿತ್ತು.

ಮಾರ್ಚಿಯಲ್ಲಿ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಮೂಡುಬಿದಿರೆಗೆ ಹಾಕಿದ್ದರು. ಅಮ್ಮನ ಮನೆಯಲ್ಲೇ ಉಳಿದಿದ್ದೆ. ಮರಳಿ ಬಂದು ನೋಡಿದರೆ ಬಾವಿಕಟ್ಟೆಯ ಪಕ್ಕದಲ್ಲಿ ಹಲಸಿನ ತುಂಡು ಬರಿದಾಗಿ ತೂಗುತ್ತಿದೆ. ಗಿಡ ಒಂದು ದೊಡ್ಡ ಚಟ್ಟಿಯೊಳಗೆ, ಕುತ್ತಿಗೆಯವರೆಗೆ ತೆಂಗಿನ ನಾರಿನ ಹುಡಿಯಲ್ಲಿ ಹೂತು ನಿಂತಿದೆ. ಎಲೆಗಳ ಬುಡ ಹಳದಿಯಾಗಿತ್ತು. ಮುಟ್ಟಿದರೆ ಕೆಳಗಿನ ಎಲೆ ಕೈಗೇ ಬಂತು, ಕೊಳೆತ ಬಾಳೆದಿಂಡಿನ ವಾಸನೆಯೊಂದಿಗೆ. ಹುಡಿ ಕೆದಕಿದೆ. ಬೆರಳುಗಾತ್ರದ ಬೇರುಗಳೆಲ್ಲ ಮೆತ್ತಗಾಗಿದ್ದವು. ಹಿಂಡಿದರೆ ನೀರು ಇಳಿದು ಒಳಗಿನ ನೂಲು ಮಾತ್ರ ಉಳಿಯುತ್ತಿತ್ತು.

ನಿಮ್ಮ ಅಣ್ಣ ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದ್ದರು. ಅಂಗಡಿ ಮುಚ್ಚಿ ದಣಿದು ಬಂದ ದಿನವೂ ಹಾಕಿದ್ದರಂತೆ. “ನಾರಾಯಣ ಬರೆದ ಹಾಗೇ ಮಾಡಿದ್ದು ಮನೋರಮಾ, ನನ್ನ ತಲೆಯಿಂದ ಎಂತದೂ ಸೇರಿಸ್ಲಿಲ್ಲ. ಆ ಹುಡಿಯ ಗೋಣಿಯನ್ನು ಬಸ್ಸಿಗೆ ಹತ್ತಿಸ್ಲಿಕ್ಕೆ ಎಷ್ಟು ಪಾಡು ಪಟ್ಟಿದ್ದೇನೆ ಗೊತ್ತುಂಟಾ?” ಎಂದರು. ಅವರ ಮೇಲೆ ಕೋಪ ಮಾಡಲು ಹೊರಟವಳಿಗೆ ಆಗಲಿಲ್ಲ. ಆ ಮುಖದಲ್ಲಿ ತಮ್ಮನ ಮಾತು ನಡೆಸಿಕೊಟ್ಟ ಸಂತೋಷವೇ ಇತ್ತು. ಹುಡಿ ತಂದದ್ದು ಕಡಲ ಬದಿಯಲ್ಲಿ ಹುರಿ ಮಾಡುವವರಿಂದ. ಒಂದು ಚಿಟಿಕೆ ನಾಲಗೆಗೆ ಇಟ್ಟು ನೋಡಿದೆ. ಉಪ್ಪು. ಅಲ್ಲಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಅಳಿವೆಯ ಉಪ್ಪುನೀರಿನಲ್ಲಿ ಕೊಳೆಹಾಕುತ್ತಾರೆಂದು ನಮ್ಮ ಊರಿನವರಾದ ನಿಮಗೆ ತಿಳಿಯದೆ? ಉಪ್ಪಿನ ಮೇಲೆ ನೀರು, ನೀರಿನ ಮೇಲೆ ನೀರು. ಯಾವ ಬೇರು ತಾಳುತ್ತದೆ?

ನಿಮಗೆ ಈ ಉಪಾಯ ಹೇಳಿಕೊಟ್ಟ ಕ್ಯಾಂಪಿನ ಮಲಯಾಳಿ ಸ್ನೇಹಿತರು ಅಲ್ಲಿ ನಾರಿನ ಹುಡಿಯಲ್ಲಿ ಗಿಡ ಬೆಳೆಸುವುದು ಸರಿಯೇ. ಮರಳುಗಾಡಿನಲ್ಲಿ ಒಂದು ತಂಬಿಗೆ ನೀರನ್ನು ವಾರವೆಲ್ಲ ಹಿಡಿದಿಡುವುದು ದೊಡ್ಡ ಗುಣ. ನೀವು ಅಲ್ಲಿ ಒಣಗುತ್ತಾ ಕುಳಿತು, ಇಲ್ಲಿ ಎಲ್ಲವೂ ಬಾಯಾರಿದೆ ಎಂದುಕೊಂಡಿರಿ. ಅದರಲ್ಲಿ ಪ್ರೀತಿ ಇದೆಯೆಂದು ನನಗೆ ಗೊತ್ತು. ಗೊತ್ತಿದ್ದೂ ಕೋಪ ಬರುತ್ತದೆ. ಸೀತಾಳೆಗೆ ತೇವ ಬೇಕು, ಆದರೆ ಆ ತೇವ ಸುತ್ತಲಿನ ಗಾಳಿಯಲ್ಲಿರಬೇಕು, ಬುಡದಲ್ಲಿ ನಿಲ್ಲಬಾರದು. ಹನಿಸಿದರೆ ಬಿಳಿ ಬೇರು ಹಸಿರಾಗುತ್ತದೆ, ಆರಿದರೆ ಮತ್ತೆ ಬೆಳ್ಳಗಾಗುತ್ತದೆ. ಆ ಬಿಡುವಿನಲ್ಲೇ ಅದು ಉಸಿರಾಡುವುದು. ಅದಕ್ಕಾಗಿಯೇ ಅದನ್ನು ಬರೀ ಮರಕ್ಕೆ ಕಟ್ಟಿದ್ದು. ಚಟ್ಟಿಯಲ್ಲಿರುವ ಉಳಿದವುಗಳಿಗೆ ಮುರಕಲ್ಲಿನ ಚೂರು, ಇದ್ದಿಲು, ಸಿಪ್ಪೆಯ ದಪ್ಪ ತುಂಡು ಹಾಕುತ್ತೇನೆ. ಸಿಪ್ಪೆಯನ್ನು ಬಾವಿನೀರಿನಲ್ಲಿ ನೆನೆಸಿ, ಕಂದು ನೀರು ಚೆಲ್ಲಿ, ತಿಳಿಯಾಗುವ ತನಕ ಮತ್ತೆ ಮತ್ತೆ ನೆನೆಸುತ್ತೇನೆ. ಬೇಸಗೆಯಲ್ಲಿ ನೀರು ಹೊಯ್ಯುವುದು ಚಟ್ಟಿಗಲ್ಲ, ಹೊಳೆಯಿಂದ ತಂದು ಕೆಳಗೆ ಹರಡಿದ ಹೊಯಿಗೆಗೆ. ಮಧ್ಯಾಹ್ನ ಪಡುವಣ ಬದಿಗೆ ಒದ್ದೆ ಗೋಣಿ ತೂಗಹಾಕುತ್ತೇನೆ. ಕಲ್ಲು, ಹೊಯಿಗೆ, ಗೋಣಿ ಎಲ್ಲ ಸೇರಿ ಗಾಳಿಯನ್ನು ತಂಪು ಮಾಡುತ್ತವೆ. ಇದನ್ನೆಲ್ಲ ಯಾರೂ ಕಲಿಸಿದ್ದಲ್ಲ. ಕೆಲವು ಗಿಡ ಸತ್ತು ಕಲಿಸಿದವು. ನೀವು ಒಂದು ಸಾಲು ಬರೆದು ಕೇಳಿದ್ದರೆ ಹೇಳುತ್ತಿದ್ದೆ.

ಕೇಳುವುದಾದರೂ ಹೇಗೆ? ನಿಮ್ಮ ಪತ್ರ ಬರುವುದು ಅಣ್ಣನ ಹೆಸರಿಗೆ. ಮನೆಯ ಹಿರಿಯರಿಗೆ ಬರೆಯುವುದು ಮರ್ಯಾದೆ, ಒಪ್ಪುತ್ತೇನೆ. ಅವರು ಕನ್ನಡಕ ಹಾಕಿ ಚಾವಡಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಅಕ್ಕ ಅಕ್ಕಿ ಆರಿಸುತ್ತಾ ಕೇಳುತ್ತಾರೆ, ಹಾಲಿನವರು ಬಂದಿದ್ದರೆ ಅವರೂ ನಿಂತು ಕೇಳುತ್ತಾರೆ. ಕೊನೆಯಲ್ಲಿ ‘ಮನೋರಮಾಳಿಗೂ ತಿಳಿಸುವುದು’ ಎಂದು ಬಂದಾಗ ಭಾವ ತಲೆಯೆತ್ತಿ ನನ್ನತ್ತ ನೋಡುತ್ತಾರೆ, ನಾನು ತಿಳಿಯಿತು ಎಂಬಂತೆ ತಲೆಯಾಡಿಸುತ್ತೇನೆ. ಆಚೆಮನೆಯ ಖದೀಜಳ ಗಂಡ ದುಬೈಯಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಾರೆ. ಅವಳು ಬಾಗಿಲು ಹಾಕಿಕೊಂಡು ಕೇಳುತ್ತಾಳೆ. ಮೊನ್ನೆ ನಗುತ್ತಾ, “ನಮ್ಮದು ಕ್ಯಾಸೆಟ್ಟು ಟೀಚರೇ, ನಿಮ್ಮದು ರೇಡಿಯೋ. ವಾರ್ತೆ ಊರಿಗೆಲ್ಲ ಒಂದೇ” ಎಂದಳು. ನಾನೂ ನಕ್ಕೆ. ಮನೆಗೆ ಬಂದು ಹಲಸಿನ ತುಂಡನ್ನು ನೋಡುತ್ತಾ ನಿಂತಾಗ ನಗು ಇರಲಿಲ್ಲ. ಇಷ್ಟು ವರ್ಷ ತಲೆಯಾಡಿಸುತ್ತಾ ಬಂದವಳು ಇವತ್ತು ಒಂದು ಗಿಡವನ್ನು ನೆಪ ಮಾಡಿಕೊಳ್ಳುತ್ತಿದ್ದೇನೆಯೇ? ಇರಬಹುದು. ಆದರೂ ಗಿಡ ಕೊಳೆತದ್ದು ನೆಪವಲ್ಲ.

ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿ, ಗಾಯಕ್ಕೆ ಇದ್ದಿಲ ಹುಡಿ ಮೆತ್ತಿ, ಉಳಿದ ತುದಿಯನ್ನು ಮತ್ತೆ ಹಲಸಿನ ತುಂಡಿಗೆ ಕಟ್ಟಿದ್ದೇನೆ. ನೀರು ಹಾಕಿಲ್ಲ, ಒದ್ದೆ ಗೋಣಿಯ ಪಕ್ಕ ತೂಗುತ್ತಿದೆ, ಅಷ್ಟೇ. ನಿನ್ನೆ ಎಲೆಯ ಸಂದಿಯಲ್ಲಿ ಸಾಸಿವೆಯಷ್ಟು ಹಸಿರು ಕಂಡ ಹಾಗಾಯಿತು. ಬೇರೋ, ನನ್ನ ಆಸೆಯೋ ಗೊತ್ತಿಲ್ಲ. ಭಾವನಿಗೆ ಇನ್ನು ಆ ಕಡೆ ತಂಬಿಗೆ ತರಬೇಡಿ ಎಂದು ಹೇಳಿದೆ. “ನಾರಾಯಣ ಕೇಳಿದ್ರೆ ಎಂತ ಹೇಳ್ಲಿ?” ಎಂದರು. ನಾನೇ ಬರೆಯುತ್ತೇನೆ ಎಂದೆ.

ಅಣ್ಣ ಅತ್ತಿಗೆಯರ ಆಶೀರ್ವಾದಗಳು. ನಿಮ್ಮ ಸ್ನೇಹಿತರಿಗೆ ನನ್ನ ನಮಸ್ಕಾರ. ಅವರ ಮೇಲೆ ನನಗೆ ಏನೂ ಕೋಪವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಮನೋರಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಂಪೆನಿಯವರು ಇನ್ನೂ ಮೂರು ವರ್ಷ ನಿಲ್ಲಲು ಹೇಳಿದ್ದಾರೆ, ಒಪ್ಪುವುದೆಂದು ಇದ್ದೇನೆ ಎಂದು ನೀವು ಅಣ್ಣನಿಗೆ ಬರೆದದ್ದನ್ನು ನಾನೂ ಚಾವಡಿಯಲ್ಲಿ ಕೇಳಿದೆ, ಕೊಬ್ಬರಿಯ ಕ್ರಯಕ್ಕೂ ದನದ ಕುಶಲಕ್ಕೂ ನಡುವೆ, ಕಾಫಿ ಲೋಟ ಹಿಡಿದುಕೊಂಡು. ಬೇಡವೆನ್ನುತ್ತೇನೋ ಬೇಕೆನ್ನುತ್ತೇನೋ ನನಗೇ ಗೊತ್ತಿಲ್ಲ. ಆದರೆ ಸಹಿ ಹಾಕುವ ಮೊದಲು ನನ್ನನ್ನು ಕೇಳಿ. ಶಾಲೆಯ ವಿಳಾಸಕ್ಕೆ ಬರೆಯಿರಿ, ಲಕೋಟೆಯ ಮೇಲೆ ನನ್ನ ಹೆಸರಿರಲಿ. ಟಪಾಲಿನವರು ಗೇಟಿಗೆ ಬಂದರು, ಇದನ್ನು ನನ್ನ ಕೈಯಿಂದಲೇ ಕೊಡುತ್ತೇನೆ.