ಕನ್ನಡಕ ಹುಡುಕುತ್ತಿರುವವರಿಗೆ

ರೀ,

ಇವತ್ತು ಸಂಶೋಧನೆಯ ಡಾಕ್ಟರಮ್ಮ ಫೋನ್ ಮಾಡಿದ್ದರು. ನಿಮ್ಮ ಲಿವರ್‌ನ ಕ್ಯಾನ್ಸರ್ ಗಡ್ಡೆ ಇನ್ನೂ ಚಿಕ್ಕದಿದ್ದಾಗ ತೆಗೆದಿಟ್ಟ ರಕ್ತದಲ್ಲಿ ಯಾವುದೋ ಪ್ರೋಟೀನ್ ಜಾಸ್ತಿ ಇತ್ತಂತೆ. ಅಂಥವರು ಎರಡು ವರ್ಷ ದಾಟೋದೇ ಕಷ್ಟವಂತೆ. “ನಿಮ್ಮ ಯಜಮಾನರು ಮಾತ್ರ ಗಟ್ಟಿ ಆಳು! ಒಂದ್ಸಲ ಕರ್ಕೊಂಡು ಬನ್ನಿ, ನೋಡಬೇಕು” ಅಂತ ಅವರಿಗೆ ಸಂಭ್ರಮವೋ ಸಂಭ್ರಮ.

ತಪ್ಪು ನನ್ನದೇ. ಆರು ತಿಂಗಳಿಗೊಮ್ಮೆ ಅವರ ಕಡೆಯವರು ಫೋನ್ ಮಾಡಿ “ಹೇಗಿದ್ದಾರೆ?” ಅಂದಾಗಲೆಲ್ಲ, “ಚೆನ್ನಾಗಿದ್ದಾರೆ, ಕನ್ನಡಕ ಸಿಗ್ತಿಲ್ಲ ಅಂತ ಕೂಗಾಡ್ತಿದ್ದಾರೆ” ಅಂತಿದ್ದೆ. ಬೇರೆ ಮಾತು ಬಾಯಿಗೆ ಬರ್ತಿರಲಿಲ್ಲ.

ಇವತ್ತು ನಿಜ ಹೇಳಿಬಿಟ್ಟೆ. ನೀವು ಹೋಗಿ ಮೂರು ವರ್ಷ ಆಯ್ತು ಅಂದೆ. ಬೈತಾರೆ ಅಂದ್ಕೊಂಡಿದ್ದೆ. “ಹಾಗಾದರೆ ಪ್ರೋಟೀನ್ ಹೇಳಿದ್ದೇ ಸರಿ” ಅಂದರು, ಮೆಲ್ಲಗೆ.

ಜೀವಮಾನದಲ್ಲಿ ಯಾರ ಮಾತೂ ಕೇಳದವರು, ಆ ಪ್ರೋಟೀನಿನ ಮಾತೊಂದನ್ನು ಯಾಕ್ರೀ ಕೇಳಿದಿರಿ?