ಶುದ್ಧ ನೀರು

ಶಿಡ್ಲಘಟ್ಟ
೧೯-೧೧-೧೯೫೯

ಪ್ರೀತಿಯ ಮಗ ಬಯ್ಯಪ್ಪನಿಗೆ ನಿನ್ನಮ್ಮ ಮಾಡೋ ಆಶೀರ್ವಾದ.

ಹುಬ್ಬಳ್ಳಿ ನೀರು ಒಗ್ಗಿತೇನಪ್ಪ? ಕೆಮ್ಮು ಹೋಯ್ತಾ? ರೈಲ್ವೆ ಕೆಲಸ ಅಂತ ಹೊತ್ತು ಮೀರಿ ಉಣ್ಣಬೇಡ. ನಾವು ಚೆನ್ನಾಗಿದ್ದೀವಿ ಅಂತ ಬರೆಯೋಕೆ ಕೈ ಬರ್ತಿಲ್ಲ. ಯಾವಾಗಲೂ ನಿಮ್ಮಪ್ಪ ಬರೆದು ಕೊನೇಲಿ ನನ್ನ ಆಶೀರ್ವಾದ ಸೇರಿಸ್ತಿದ್ರು. ಇದು ಅವರಿಗೆ ಗೊತ್ತಿಲ್ಲದ ಕಾಗದ. ಒತ್ತು ದೀರ್ಘ ತಪ್ಪಿದ್ರೆ ನಗಬೇಡ.

ನಿನ್ನ ತಂಗಿ ರತ್ನಂಗೆ ಈಗ ಏಳು ತಿಂಗಳು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಆದರೆ ಅಳಿಯಂದಿರು, "ನಾನು ಕಳ್ಳ ಅನ್ನಿಸಿಕೊಂಡ ಮನೇಲಿ ನನ್ನ ಮಗು ಹುಟ್ಟೋದು ಬೇಡ" ಅಂತ ಚಿಂತಾಮಣಿಯಿಂದ ಹೇಳಿ ಕಳಿಸಿದ್ದಾರೆ. ಇದಕ್ಕೆಲ್ಲ ಕಾರಣ ನೀನು ಅವರಿಗೆ ಬಿಟ್ಟು ಹೋದ ಆ ಹಳೇ ಮೋಟಾರ್ ಸೈಕಲ್ಲು. ಅಲ್ಲ, ಕಾರಣ ನಾನು.

ಹೊರಡೋ ದಿನ ಜಗಲಿ ಮೇಲೆ ಕೂತು ಅವರಿಗೆ ಪಾಠ ಹೇಳಿದ್ದೆಯಲ್ಲ. ಡೈನಮೋ ಹಳೇದು, ದೀಪ ಹಾಕಿದಾಗ ಮೀಟರಿನ ಮುಳ್ಳು ಎಡಕ್ಕೆ ಬಿದ್ರೆ ಬ್ಯಾಟರಿ ಇಳೀತಿದೆ ಅಂತ ಲೆಕ್ಕ, ಬೆಳದಿಂಗಳಿದ್ರೆ ಸಣ್ಣ ದೀಪದಲ್ಲೇ ಸಾಗಿ, ಬ್ಯಾಟರಿಗೆ ಶುದ್ಧ ನೀರು ಬಿಟ್ಟು ಬೇರೇನೂ ಹಾಕಬೇಡಿ ಅಂತ. ಅಡುಗೆಮನೇಲಿದ್ದ ನನ್ನ ಕಿವಿಗೆ ಶುದ್ಧ ನೀರು ಅನ್ನೋದೊಂದು ಚೆನ್ನಾಗಿ ಬಿತ್ತು. ಆಯುಧಪೂಜೆಗೆ ಅಳಿಯಂದಿರು ಗಾಡಿ ಇಲ್ಲಿಗೇ ತಂದ್ರು. ಕುಂಕುಮ ಇಡೋಕೆ ಹೋದವಳು ನೀನು ಮಾಡ್ತಿದ್ದ ಹಾಗೇ ಬ್ಯಾಟರಿ ಬಿರಡೆ ತೆಗೆದು ನೋಡಿದೆ, ನೀರು ಇಳಿದಿತ್ತು. ನಮ್ಮ ಬಾವೀದು ಉಪ್ಪು ನೀರು. ವೆಂಕಟರಮಣಸ್ವಾಮಿ ತೀರ್ಥಕ್ಕಿಂತ ಶುದ್ಧವಾದ್ದು ಇನ್ನೇನಿದೆ ಹೇಳು? ತಾಮ್ರದ ಗಿಂಡಿಯಿಂದ ಮೂರು ಬಾಯಿಗೂ ಹುಯ್ದು ಕಣ್ಣಿಗೆ ಒತ್ತಿಕೊಂಡೆ.

ಆಮೇಲೆ ದೀಪ ದಿನೇದಿನೇ ಕೆಂಪಾಯ್ತಂತೆ. ಡೈನಮೋ ಬಿಚ್ಚಿ ಉಜ್ಜಿದ್ರೂ ಅಷ್ಟೇ. ದೀಪಾವಳಿಗೆ ಬಂದಾಗ ಅಳಿಯಂದಿರು ಬಿರಡೆ ತೆಗೆದು ಮೂಸಿ, ಪಚ್ಚಕರ್ಪೂರದ ವಾಸನೆ ಕಣೇ, ತುಳಸಿ ಚೂರೂ ಇದೆ, ಯಾರಿಗೂ ಹೇಳಬೇಡ ಅಂತ ರತ್ನಂಗೆ ಮೆಲ್ಲಗೆ ಅಂದ್ರು. ಬಾಗಿಲ ಹಿಂದಿದ್ದ ನನ್ನ ಕಿವಿಗೆ ಅದೂ ಬಿತ್ತು. ಅವತ್ತೇ ಮುಸ್ಸಂಜೆ ನಿಮ್ಮಪ್ಪನ್ನ ಹಿಂದೆ ಕೂರಿಸಿಕೊಂಡು ಬರೋವಾಗ ದೀಪ ಪೂರ್ತಿ ಆರಿ ಇಬ್ಬರೂ ಹಳ್ಳಕ್ಕೆ ಬಿದ್ರು. ಮಂಡಿ ತರಚಿಕೊಂಡ ನಿಮ್ಮಪ್ಪ ಮನೆ ಮುಂದೆ ನಿಂತು ಬೀದಿಯೆಲ್ಲ ಕೇಳೋ ಹಾಗೆ, "ನನ್ನ ಮಗನ ಒಳ್ಳೇ ಬ್ಯಾಟರಿ ಮಾರ್ಕೊಂಡು ಗುಜರೀದು ಹಾಕಿದ್ದೀರಾ" ಅಂದ್ರು.

ಅಳಿಯಂದಿರು ಬಾಗಿಲ ಕಡೆ ಒಂದು ಸಲ ನೋಡಿದ್ರು. ನಾನಲ್ಲಿ ನಿಂತಿರೋದು ಅವರಿಗೆ ಗೊತ್ತು. ತುಟಿ ಬಿಚ್ಚಲಿಲ್ಲ. ಗಾಡಿ ಇಲ್ಲೇ ಬಿಟ್ಟು, ಸ್ಪ್ಯಾನರ್ ಗಂಟು ಹೊಸ್ತಿಲ ಮೇಲಿಟ್ಟು, ರತ್ನನ್ನ ಕರ್ಕೊಂಡು ಬಸ್ಸಿಗೆ ನಡೆದ್ರು. ನಾನೂ ತುಟಿ ಬಿಚ್ಚಲಿಲ್ಲ. ಅಳಿಯನೆದುರು ಅತ್ತೆ ಮಾತಾಡಬಾರದು ಅನ್ನೋ ಪದ್ಧತಿ ಒಳ್ಳೇ ನೆವವಾಯ್ತು. ಅವರು ಸುಮ್ಮನಿದ್ದದ್ದು ನನ್ನ ಮಾನ ಉಳಿಸೋಕೆ. ನಾನು ಸುಮ್ಮನಿದ್ದದ್ದೂ ನನ್ನ ಮಾನ ಉಳಿಸೋಕೇ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ನಿಮ್ಮಪ್ಪ ಊಟಕ್ಕೆ ಕೂತಾಗ ದಿನಾ ಹೇಳಣ ಅನ್ಕೋತೀನಿ, ಮಜ್ಜಿಗೆ ಬಡಿಸಿ ಎದ್ದು ಬರ್ತೀನಿ.

ಎಲ್ಲಿದ್ರೂ ತಣ್ಣಗಿರು ಕಣಪ್ಪ.

ನಿನ್ನಮ್ಮ
ಅಮ್ಮಾಜಮ್ಮ

ಇನ್ನೊಂದು ಮಾತು: ನಿಮ್ಮಪ್ಪನಿಗೆ ಈಗ ತಾನೇ ಹೇಳಿಬಿಟ್ಟೆ. ಬೈಯ್ಯಲಿಲ್ಲ, ತಲೆ ಬಗ್ಗಿಸಿ ಕೂತಿದ್ದಾರೆ. ನಾನು ಚಿಂತಾಮಣಿ ಬಸ್ಸಿಗೆ ಹೊರಟೆ, ಇದನ್ನ ಅಲ್ಲೇ ಅಂಚೆ ಡಬ್ಬಕ್ಕೆ ಹಾಕ್ತೀನಿ. ಮದುವೆಯಾಗಿ ಎರಡು ವರ್ಷವಾದ್ರೂ ಅಳಿಯಂದಿರನ್ನ ಒಂದು ಸಲ ಕರೆದು ಮಾತಾಡಿಸಿದವಳಲ್ಲ. ಏನಂತ ಕರೀಲಿ ಅಂತ ನಿನ್ನ ಕೇಳೋಕೇ ಈ ಕಾಗದ ಶುರು ಮಾಡಿದ್ದು. ಉತ್ತರ ಬರೋವರೆಗೂ ಕಾಯೋಕಾಗಲ್ಲ. ನಿನ್ನ ಕರೆಯೋ ಹಾಗೇ ಅಪ್ಪಾ ಅಂತೀನಿ. ತಿರುಗಿ ನೋಡಿದ್ರೆ ಸಾಕು.