ಬಾಗಿಲಲ್ಲಿನ ಬೇವು

ಅಪ್ಪಾ,

ನೀನು ಇದನ್ನು ಓದುವುದಿಲ್ಲ ಎಂದು ಗೊತ್ತು. ಆದರೂ ನೀನು ತೀರಿಹೋದ ಮೇಲೆ ಇನ್ಯಾರಿಗೆ ಹೇಳಲಿ?

ಶಿವಮೊಗ್ಗದ ಡಾಕ್ಟರು ಕೊಟ್ಟ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನನ್ನ ನರದ ಕಾಯಿಲೆಯ ಮಾತ್ರೆಯನ್ನು ಇವತ್ತು ಬೆಳಿಗ್ಗೆ ಮೊದಲ ಸಲ ನುಂಗಿದೆ. ಸ್ವಲ್ಪ ಹೊತ್ತಿಗೆ ಮುಖ, ಕತ್ತು, ಕಿವಿ ಕೆಂಪಾಗಿ ಉರಿಯತೊಡಗಿದವು. ಹೀಗಾಗಬಹುದು ಎಂದು ಅವರು ಮೊದಲೇ ಹೇಳಿದ್ದರು. ಆದರೂ ಹೆದರಿದೆ.

ಪಕ್ಕದ ಮನೆಯ ದುರ್ಗಮ್ಮಜ್ಜಿ ನೋಡಿ ಬೆಚ್ಚಿದಳು. "ಅಯ್ಯೋ ಮಾರಾಯ್ತಿ, ಅಮ್ಮ ಆಗಿದೆ ಕಣೇ ನಿಂಗೆ!" ಎನ್ನುತ್ತಾ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು.

"ಸಿಡುಬಲ್ಲ ಅಜ್ಜಿ, ಮಾತ್ರೆಯಿಂದ ಆಗಿದ್ದು."

"ಹಂಗಾದ್ರೆ ಆ ಹಾಳು ಮಾತ್ರೆ ಬಿಟ್ಬಿಡೇ."

ಬಿಡುವುದು ನನಗೆ ಸುಲಭ. ಸ್ಕೂಲು ಬಿಟ್ಟೆ, ಟೈಲರಿಂಗ್ ಬಿಟ್ಟೆ. ಇದನ್ನು ಬಿಟ್ಟರೆ ಕಳೆದ ವರ್ಷದಂತೆ ಕಣ್ಣು ಮತ್ತೆ ಮಂಜಾಗಬಹುದು, ಈ ಸಲ ಕಾಲೂ ಹೋಗಬಹುದು.

ಮಧ್ಯಾಹ್ನದೊಳಗೆ ಉರಿ ಇಳಿಯಿತು. ಬೇವಿನಿಂದಲೇ ಎಂದು ಅಜ್ಜಿ ಬೀಗಿದಳು. ಈಗ ಸಂಜೆಯ ಮಾತ್ರೆಯ ಹೊತ್ತು.

ಭದ್ರಾವತಿಯ ಕುಲುಮೆ ಕೆಲಸದಿಂದ ನೀನು ಹೀಗೇ ಕೆಂಪಾದ ಮುಖ ಹೊತ್ತು ಬರುತ್ತಿದ್ದೆ. "ಉರಿಯುತ್ತಾ ಅಪ್ಪಾ?" ಎಂದು ಕೇಳಿದರೆ "ಇಲ್ಲ ಮಗಾ" ಎನ್ನುತ್ತಿದ್ದೆ. ನನಗೆ ಹಾಗೆ ಹೇಳಲು ಬರುವುದಿಲ್ಲ. ಉರಿಯುತ್ತದಪ್ಪಾ. ಅನ್ನ ಉಂಡು, ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೇನೆ. ಬೇವನ್ನು ಇನ್ನೂ ತೆಗೆದಿಲ್ಲ.